ಎಲ್ಲರೂ ಕೂತ್ರಾ?

ಮಾರ್ಚ್ ೯, ಭಾನುವಾರ
ಗೋದಾಮಿನ ಮೂರನೇ ಗೇಟಿನ ಮುಂದೆ, ಲಾರಿಯೊಳಗಿಂದ

ಮುದ್ದು ಮಗಳೇ,

ಅಮ್ಮನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ, ಲಾರಿಯೂ ಕ್ಷೇಮ. ನೀನು ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದು ನಂಬಿದ್ದೇನೆ. ಸುಳ್ಳಾದರೂ ಸರಿ, ಹೌದು ಅಂತಲೇ ಉತ್ತರ ಬರಿ.

ಕಾಗದ ತಡವಾಯಿತು, ಸಿಟ್ಟಾಗಬೇಡ. ಫೋನ್ ಇಲ್ಲವೇ ಅಂತೀಯ. ಇದೆ. ಆದರೆ ಈ ಕ್ಯಾಬಿನ್ನು ನಮ್ಮ ಅಡುಗೆಮನೆಗಿಂತ ಚಿಕ್ಕದು ಕಣೇ. ನಾನು ಈ ಬದಿ ಪಿಸುಗುಟ್ಟಿದರೆ ಆ ಬದಿ ನಿಮ್ಮಪ್ಪನ ಕಿವಿ ನೆಟ್ಟಗಾಗುತ್ತದೆ. ಅವರ ವಿಷಯವನ್ನು ಅವರ ಮಗ್ಗುಲಲ್ಲೇ ಕೂತು ಹೇಗೆ ಹೇಳಲಿ? ಅದಕ್ಕೇ ಇಷ್ಟು ದಿನ "ಹೂಂ, ಚೆನ್ನಾಗಿದ್ದೀವಿ. ಹೂಂ, ಊಟ ಆಯ್ತು" ಅಂತ ಇಟ್ಟುಬಿಡುತ್ತಿದ್ದೆ. ಇವತ್ತು ಸರಕು ಇಳಿಸಲು ಸಾಲಿನಲ್ಲಿ ನಿಂತಿದ್ದೇವೆ, ಮುಂದೆ ಕಣ್ಣು ಹಾಯುವಷ್ಟು ದೂರ ಲಾರಿಗಳೇ ಲಾರಿಗಳು. ನಿಮ್ಮಪ್ಪ ಸೋಪು, ಟವೆಲು ಹಿಡಿದು ಸ್ನಾನಕ್ಕೆ ಹೋಗಿದ್ದಾರೆ. ಅವರ ಸ್ನಾನ ನಿನಗೆ ಗೊತ್ತಲ್ಲ, ಎಮ್ಮೆ ಕೆರೆಗೆ ಇಳಿದ ಹಾಗೆ. ಅಷ್ಟರಲ್ಲಿ ನಾನು ಒಂದು ಪುರಾಣವನ್ನೇ ಬರೆದು ಮುಗಿಸಬಹುದು.

ನಾನು ಶಾಲೆಯ ಬಸ್ಸು ಓಡಿಸುವುದು ಬಿಟ್ಟು ನಿಮ್ಮಪ್ಪನ ಜೊತೆ ಲಾರಿ ಹತ್ತುತ್ತೇನೆ ಎಂದಾಗ ನೀನು ಅಂದದ್ದು ನೆನಪಿದೆಯಾ? "ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಅಪ್ಪನ ಜೊತೆ ಒಂದು ಪೆಟ್ಟಿಗೇಲಿ ಕೂತ್ಕೊಂಡು ದಿನವಿಡೀ ಏನ್ ಮಾಡ್ತೀಯ? ಗೋಡೆ ಮೇಲಾದ್ರೂ ಒಂದು ಹಲ್ಲಿ ಇರುತ್ತೆ, ಲೊಚಗುಟ್ಟುತ್ತೆ!" ಹಲ್ಲಿಯ ಮಾತಿಗೆ ನಾನು ನಕ್ಕಿದ್ದು ನಿಜ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ಹೌದಾದರೆ ನಿಮ್ಮಪ್ಪನಷ್ಟು ದೊಡ್ಡ ಶ್ರೀಮಂತರು ಈ ರಸ್ತೆಯಲ್ಲಿ ಇನ್ನೊಬ್ಬರಿಲ್ಲ.

ನಿನ್ನ ಸಿಟ್ಟೂ ನನಗೆ ಗೊತ್ತು. ಹೋದ ವರ್ಷ ಅವರು ನಿನ್ನ ಕನ್ನಡಕದ ಅಂಗಡಿಗೆ ಬಂದು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಹೋದ ಮೇಲೆ ನೀನು ಹೇಳಿದೆ, "ಅಪ್ಪ ನನ್ನ ಹತ್ರ ಇಷ್ಟು ಉದ್ದ ಮಾತಾಡಿದ್ದು ಜನ್ಮದಲ್ಲೇ ಮೊದಲು. ಅದೂ ಏನು? ಗೋಡೆ ಮೇಲಿರೋ ಅಕ್ಷರ!" ಆಮೇಲೆ ನೀನು ಅಷ್ಟು ಕಾಳಜಿಯಿಂದ ಮಾಡಿಕೊಟ್ಟ ಕನ್ನಡಕವನ್ನು ಅವರು ಹಾಕುವುದೇ ಇಲ್ಲ ಎಂದು ಗೊತ್ತಾಗಿ, ಅವರಿಗೆ ಫೋನ್ ಮಾಡುವುದನ್ನೇ ಬಿಟ್ಟೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟಾದರೂ ನಾನು ಯಾಕೆ ಹತ್ತಿದೆ? ಮದುವೆಯಾದಾಗಿನಿಂದ ನಾನು ಸಂಸಾರ ಮಾಡಿದ್ದು ಕ್ಯಾಲೆಂಡರಿನ ಜೊತೆ. ಅವರು ಬರುತ್ತಿದ್ದರು, ಬಟ್ಟೆ ಒಗೆಸಿಕೊಂಡು ಹೋಗುತ್ತಿದ್ದರು. ನೀನಿದ್ದಷ್ಟು ದಿನ ಮನೆ ತುಂಬಿತ್ತು. ನೀನೂ ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಒಂದು ದಿನ ಅನ್ನಿಸಿತು, ಈ ಮನುಷ್ಯನ ಜೊತೆ ಒಂದು ಸಲ ನಿಜವಾಗಿ ಬದುಕಿ ನೋಡಬೇಕು ಅಂತ. ಅದಕ್ಕೆ ಇರುವುದು ಒಂದೇ ದಾರಿ, ಟೀಮ್ ಡ್ರೈವಿಂಗ್. ಒಂದು ಲಾರಿಗೆ ಇಬ್ಬರು ಚಾಲಕರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದಿನ ಹಾಸಿಗೆಯಲ್ಲಿ ನಿದ್ದೆ. ಲಾರಿ ನಿಲ್ಲುವ ಮಾತೇ ಇಲ್ಲ. ಟೀಮು ಕೂಡಿಬಂದರೆ ಉಳಿದ ಆಯಸ್ಸು ಜೊತೆಗೆ. ಇಲ್ಲದಿದ್ದರೆ ಅವರು ಮತ್ತೆ ಒಂಟಿ ಲಾರಿಗೆ, ನಾನು ಮತ್ತೆ ಕ್ಯಾಲೆಂಡರಿಗೆ. ಇದು ನನ್ನ ಲೆಕ್ಕಾಚಾರವಾಗಿತ್ತು. ನಿಮ್ಮಪ್ಪನಿಗೆ ಹೇಳಿದಾಗ ಅವರು ಯೋಚಿಸಿ ಯೋಚಿಸಿ ಕೊಟ್ಟ ಉತ್ತರ, "ಹಿಂದೆ ಹಾಸಿಗೆ ಸ್ವಲ್ಪ ಗಟ್ಟಿ."

ಲೈಸೆನ್ಸ್ ಪರೀಕ್ಷೆಯ ದಿನ ಮರ್ಯಾದೆ ಹೋಗುವುದೊಂದು ಬಾಕಿ. ಕನ್ನಡಿ ನೋಡಿದೆ, ಬೆಲ್ಟ್ ಹಾಕಿದೆ, ಎಲ್ಲ ಸರಿ. ಗಾಡಿ ಎತ್ತುವ ಮುಂಚೆ ಹಿಂದಕ್ಕೆ ತಿರುಗಿ ಗಟ್ಟಿಯಾಗಿ "ಎಲ್ಲರೂ ಕೂತ್ರಾ?" ಅಂತ ಕೇಳಿಬಿಟ್ಟೆ! ಇಷ್ಟು ವರ್ಷ ಶಾಲೆಯ ಮಕ್ಕಳನ್ನು ಕೇಳಿ ಕೇಳಿ ನಾಲಿಗೆಗೆ ಅಂಟಿಕೊಂಡಿದೆ, ಏನು ಮಾಡಲಿ? ಹಿಂದೆ ಇದ್ದದ್ದು ಮರಳಿನ ಮೂಟೆಗಳು. ಪರೀಕ್ಷೆ ಮಾಡುವ ಅಧಿಕಾರಿ ಪೆನ್ನು ಕೆಳಗಿಟ್ಟು, "ಮೂಟೆಗಳು ತಯಾರಿವೆ ಅನ್ಸುತ್ತಮ್ಮಾ, ಹೊರಡಿ" ಅಂದರು. ಪಾಸು ಮಾಡಿದರು, ಪುಣ್ಯಾತ್ಮರು.

ಇನ್ನು ಕಂಪನಿ ಹುಡುಕುವ ಕಥೆ ಕೇಳು. ಹೆಣ್ಣು ನೋಡಲು ಹೋದ ಹಾಗೆ ಮೂರು ಕಡೆ ಹೋದೆವು. ನಿಮ್ಮಪ್ಪನಿಗೆ ಬರುವ ಬುದ್ಧಿವಾದ ಒಂದೇ, ಆದರೆ ಅಪ್ಪಟ: "ಒಳಗೆ ಸೇರಿಸ್ಕೊಳ್ಳೋರನ್ನ ಕೇಳ್ಬೇಡ. ಗೇಟಲ್ಲಿ ನಿಂತಿರೋ ಡ್ರೈವರ್‌ಗಳನ್ನ ಕೇಳು." ಹಾಗಾಗಿ ನಾನು ಪ್ರತಿ ಕಂಪನಿಯ ಗೇಟಿನಲ್ಲೂ ಚಹಾ ಕುಡಿದೆ. ನಿಮ್ಮಪ್ಪ ಟಯರುಗಳನ್ನು ತಟ್ಟುತ್ತಾ ಸುತ್ತಿದರು.

ಮೊದಲನೆಯದು ಕೆಂಪು ಲಾರಿಗಳ ದೊಡ್ಡ ಕಂಪನಿ. ಟೈ ಕಟ್ಟಿದ ಮಹಾಶಯರೊಬ್ಬರು ನಮ್ಮನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದರು. ಗೋಡೆಯ ಮೇಲೆ ಗಂಡ ಹೆಂಡತಿ ಲಾರಿಯಲ್ಲಿ ಕೂತು ಹಲ್ಲು ಬಿಡುತ್ತಿರುವ ಭಾರೀ ಫೋಟೊ. "ಇವರು ನಿಮ್ಮ ಡ್ರೈವರ್‌ಗಳಾ?" ಅಂದೆ. "ಇಲ್ಲ ಮೇಡಂ, ಜಾಹೀರಾತಿನವರು" ಅಂದರು ಪಾಪ, ಸತ್ಯವಂತರು. ಹೊಸ ಲಾರಿ, ಒಳ್ಳೆಯ ಸಂಬಳ, ಯಾವಾಗಲೂ ಕೆಲಸ. ನನಗೆ ಅಲ್ಲೇ ಸಹಿ ಹಾಕಿಬಿಡುವ ಆಸೆ. ಅಷ್ಟರಲ್ಲಿ ಅವರು, "ಕ್ಯಾಬಿನ್ ಒಳಗೂ ಕ್ಯಾಮೆರಾ ಇರುತ್ತೆ, ಡ್ರೈವರ್ ತೂಕಡಿಸಿದ್ರೆ ನಮಗೆ ಗೊತ್ತಾಗ್ಲಿ ಅಂತ. ಮುಖ ಕಾಣುತ್ತೆ, ಮಾತೂ ಕೇಳಿಸುತ್ತೆ" ಅಂದರು.

"ಮಾತೂ ಕೇಳಿಸುತ್ತಾ?" ಅಂದರು ನಿಮ್ಮಪ್ಪ. ಎದ್ದು ನಿಂತರು. ಅಷ್ಟೇ, ಮುಗಿಯಿತು. ನಾನು ದಾರಿಯುದ್ದಕ್ಕೂ ರೇಗಾಡಿದೆ. "ಅಲ್ಲಾರೀ, ನೀವು ಆಡದೇ ಇರೋ ಮಾತು ಕೇಳಿಸ್ಕೊಂಡು ಅವರೇನು ಮಾಡ್ಕೋತಾರೆ? ನಷ್ಟ ಅವರಿಗೇ!" ಅವರು ಮುಂದಿನ ಕಂಪನಿಯ ವಿಳಾಸದ ಚೀಟಿಯನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು.

ಎರಡನೆಯ ಕಂಪನಿಯಲ್ಲಿ ಕ್ಯಾಮೆರಾ ಇರಲಿಲ್ಲ, ಆದರೆ ಲಾರಿಯೂ ನಮ್ಮದಲ್ಲ. ಒಂದೊಂದು ಸಲ ಒಂದೊಂದು ಲಾರಿ, ಯಾರೋ ಮಲಗೆದ್ದ ಹಾಸಿಗೆ. ಗೇಟಿನಲ್ಲಿ ಚಹಾ ಕುಡಿಯುತ್ತಿದ್ದ ಚಾಲಕನೊಬ್ಬ, "ಅಕ್ಕಾ, ದಿಂಬು ಮಾತ್ರ ಮನೆಯಿಂದಲೇ ತನ್ನಿ" ಅಂದ. ಅವನ ಮುಖ ನೋಡಿಯೇ ಅಲ್ಲಿಂದ ಕಾಲು ಕಿತ್ತೆ.

ಮೂರನೆಯದೇ ಈಗ ನಾವಿರುವುದು. ಕಚೇರಿ ಅಂದರೆ ಟಯರು ಗೋದಾಮಿನ ಮೇಲಿನ ಒಂದು ಕೋಣೆ. ಲಾರಿಗಳನ್ನು ಯಾವುದು ಎಲ್ಲಿಗೆ ಅಂತ ಕಳಿಸುವುದು ಒಬ್ಬ ಹೆಂಗಸು. ಮಾತೆತ್ತಿದರೆ "ಎಷ್ಟೊತ್ತಿಗೆ?" ಅಂತ ಕೇಳುವುದರಿಂದ ಚಾಲಕರೆಲ್ಲ ಅವರನ್ನು ಗಡಿಯಾರದಕ್ಕ ಅನ್ನುತ್ತಾರೆ. ಮುಖದ ಮೇಲೆ ಹೊಡೆದ ಹಾಗೆ ಮಾತು, ಆದರೆ ಗೇಟಿನಲ್ಲಿ ಒಬ್ಬರೂ ಅವರನ್ನು ಬೈಯಲಿಲ್ಲ. "ಸಂಬಳ ಕೆಂಪು ಲಾರಿಯವರಷ್ಟು ಇಲ್ಲಮ್ಮ. ಆದ್ರೆ ಲಾರಿ ನಿಮ್ಮದೇ, ಹಾಸಿಗೆ ನಿಮ್ಮದೇ. ಮನೆಗೆ ಕಳಿಸ್ತೀನಿ ಅಂದ ದಿನ ಕಳಿಸ್ತೀನಿ" ಅಂದರು. ಆಗ ನಿಮ್ಮಪ್ಪ ಬಾಯಿ ಬಿಟ್ಟರು, ಒಂದಲ್ಲ, ಎರಡು ಪ್ರಶ್ನೆ! ಒಂದು, ಒಳಗೆ ಕ್ಯಾಮೆರಾ ಇದೆಯಾ. ಇಲ್ಲ. ಎರಡು, "ಮನೆಯವರು ಯಾರಾದ್ರೂ ಬಂದ್ರೆ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ಬಹುದಾ?"

"ಮೊದಲೇ ಹೇಳಿದ್ರೆ ಹೋಗ್ಬಹುದು" ಅಂದರು ಗಡಿಯಾರದಕ್ಕ.

"ನಾನೇ ಲಾರೀಲಿ ಇರ್ತೀನಿ, ಇನ್ಯಾವ ಮನೆಯವರು ಬರ್ಬೇಕು ನಿಮಗೆ?" ಅಂತ ನಾನು ಅಂದೆ. ಎಲ್ಲರೂ ನಕ್ಕರು. ನಿಮ್ಮಪ್ಪ ಮಾತ್ರ ಚಪ್ಪಲಿ ನೋಡಿಕೊಂಡರು.

ಸೇರುವ ಮುಂಚೆ ವೈದ್ಯರ ತಪಾಸಣೆ. ಅಲ್ಲೊಂದು ಚೋದ್ಯ ನಡೆಯಿತು. ಕಣ್ಣಿನ ಪರೀಕ್ಷೆಗೆ ಇವರ ಸರದಿ ಬಂದಾಗ ನಾನು ನೀನು ಕೊಟ್ಟ ಕನ್ನಡಕ ತೆಗೆದುಕೊಂಡು ಹಿಂದೆ ಓಡಿದೆ. ಇವರು ಬೇಡ ಅಂತ ಕೈ ಆಡಿಸಿ, ಬರಿಗಣ್ಣಿನಲ್ಲಿ ಮೇಲಿನಿಂದ ಕೆಳಗಿನ ತನಕ, ಆ ಇರುವೆಯಂಥ ಕೊನೆಯ ಸಾಲನ್ನೂ ಪಟಪಟನೆ ಓದಿಬಿಟ್ಟರು! ನಿನ್ನ ಅಂಗಡಿಯಲ್ಲಿ ಮೂರನೇ ಸಾಲಿಗೇ ತಡವರಿಸಿದ ಮನುಷ್ಯ. ನಿನ್ನ ಪರೀಕ್ಷೆ ತಪ್ಪೋ ಇವರ ಕಣ್ಣು ತಪ್ಪೋ ನನಗೆ ಅರ್ಥವಾಗಲಿಲ್ಲ. ಕನ್ನಡಕ ಈಗಲೂ ಸ್ಟಿಯರಿಂಗಿನ ಪಕ್ಕದ ಡಬ್ಬಿಯಲ್ಲೇ ಇದೆ. ಹಾಕುವುದಿಲ್ಲ, ಆದರೆ ದಿನಾ ತೆಗೆದು ಒರೆಸಿ ಇಡುತ್ತಾರೆ.

ಸರಿ, ಲಾರಿ ಹತ್ತಿದೆವು. ಕಂಪನಿಯಲ್ಲಿ ಎಚ್ಚರಿಕೆ ಕೊಟ್ಟಿದ್ದರು, ಹೊಸ ಟೀಮಿನವರಿಗೆ ಓಡಿಸುವುದಲ್ಲ ಕಷ್ಟ, ಮಲಗುವುದು. ಇನ್ನೊಬ್ಬರ ಕೈಗೆ ಜೀವ ಕೊಟ್ಟು ಕಣ್ಣು ಮುಚ್ಚಲು ಎಲ್ಲರಿಗೂ ಆಗುವುದಿಲ್ಲ ಅಂತ. ನಿಮ್ಮಪ್ಪನಿಗೆ ಆ ಚಿಂತೆಯೇ ಇಲ್ಲ. ನಾನು ಹೆದ್ದಾರಿಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಗೊರಕೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಜೀವ ಒಪ್ಪಿಸುತ್ತಾರೆ, ಮಾತು ಮಾತ್ರ ಒಪ್ಪಿಸುವುದಿಲ್ಲ. ನಾನು ಅವರ ಪಕ್ಕದಲ್ಲಿ ಕೂತರೆ ಇಬ್ಬರೂ ಟೋಲ್ ಗೇಟು ಎಣಿಸುತ್ತಾ ಹೋಗುತ್ತೇವೆ. ನಾನು ನೂರು ಹೇಳಿದರೆ ಅವರದು ಒಂದು "ಹೂಂ".

ಚಿತ್ರವಿಚಿತ್ರ ಅಭ್ಯಾಸಗಳು ಬೇರೆ. ಮುಂದಿನ ಖಾಲಿ ಸೀಟಿನ ಮೇಲೆ ನನ್ನ ಬ್ಯಾಗು ಇಡುವಂತಿಲ್ಲ. ಇಟ್ಟರೆ ಬಾಯಿ ಬಿಡದೆ ಎತ್ತಿ ಕೆಳಗಿಡುತ್ತಾರೆ. ಆ ಕಡೆಯಿಂದ ಬಿಸಿಲು ಬಂತೆಂದರೆ ಕೈ ಚಾಚಿ ಆ ಸೀಟಿನ ಮುಂದಿನ ಬಿಸಿಲು ಮರೆ ಇಳಿಸುತ್ತಾರೆ. ಅಲ್ಲಿ ಯಾರೂ ಕೂತಿರುವುದಿಲ್ಲ! "ಸೀಟಿಗೆ ಬಿಸಿಲು ತಾಗಿ ಜ್ವರ ಬರುತ್ತಾ?" ಅಂತ ಕಿಚಾಯಿಸಿದೆ. ಅದಕ್ಕೂ "ಹೂಂ".

ಈಗ ಗುಟ್ಟಿಗೆ ಬರುತ್ತೇನೆ. ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ನನ್ನ ಪಾಳಿ ಮುಗಿಸಿ, ಪರದೆ ಎಳೆದು ಮಲಗಿದೆ. ಕಣ್ಣು ಹತ್ತುವ ಹೊತ್ತಿಗೆ ಯಾರೋ ಮಾತಾಡಿದ ಹಾಗಾಯಿತು. ರೇಡಿಯೊ ಅಂದುಕೊಂಡೆ. ಅಲ್ಲ, ನಿಮ್ಮಪ್ಪ! ಒಬ್ಬರೇ! ಅರಳು ಹುರಿದ ಹಾಗೆ ಮಾತು. "ನೋಡಿದ್ಯಾ ಅವನನ್ನ, ಇಂಡಿಕೇಟರ್ ಇಲ್ಲದೆ ನುಗ್ಗಿದ. ಇವನಿಗೆ ಲೈಸೆನ್ಸ್ ಕೊಟ್ಟೋರನ್ನ ಮೊದಲು ಹಿಡಿದು ಪಾಠ ಮಾಡ್ಬೇಕು." ಆಮೇಲೆ, "ಆ ಗುಡ್ಡ ನೋಡು, ಒಂಟೆ ಮಲಗಿದ ಹಾಗಿಲ್ವಾ?" ನಾನು ಹಾಸಿಗೆಯಲ್ಲಿ ಎದ್ದು ಕೂತು ಬಾಯಿಗೆ ಸೆರಗು ತುರುಕಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿತು, "ಇವತ್ತು ಅವಳು ರಿವರ್ಸ್ ಹಾಕಿದ್ದು ನೋಡ್ಬೇಕಿತ್ತು. ಒಂದೇ ಏಟಿಗೆ! ನಂಗೆ ಅದು ಬರೋಕೆ ವರ್ಷಗಟ್ಟಲೆ ಬೇಕಾಯ್ತು. ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ, ಅದಕ್ಕೇ ಹೇಳಿಲ್ಲ." ಕೆಂಪು ಲಾರಿಯ ಕ್ಯಾಮೆರಾಗೆ ಯಾಕೆ ಹೆದರಿದರು ಅಂತ ಆಗ ತಿಳಿಯಿತು. ಕುಂಬಳಕಾಯಿ ಕಳ್ಳ!

ನಿದ್ದೆ ಎಲ್ಲಿಂದ ಬರಬೇಕು? ಇಷ್ಟು ವರ್ಷ ಒಂದು ಮಾತಿಗೆ ಬಾಯಾರಿದವಳಿಗೆ ಪರದೆಯ ಆಚೆ ಹೊಳೆ ಹರಿಯುತ್ತಿದೆ. ಪ್ರತಿ ಪಾಳಿಯಲ್ಲೂ ಕಿವಿ ಅಗಲಿಸಿಕೊಂಡು ಎಚ್ಚರವಾಗೇ ಮಲಗಿದೆ. ಮಾಡಿದ್ದುಣ್ಣೋ ಮಹರಾಯ ಅಂತ, ಒಂದು ಲೋಡು ಅಣಬೆ ಹೊತ್ತು ಹೊರಟಾಗ ನನ್ನ ಪಾಳಿಯಲ್ಲಿ ರೆಪ್ಪೆ ತನ್ನಷ್ಟಕ್ಕೆ ಇಳಿಯತೊಡಗಿತು. ಮಕ್ಕಳನ್ನು ಹೊತ್ತು ಓಡಿಸಿದವಳು ನಾನು, ತೂಕಡಿಸಿಕೊಂಡು ಗಾಡಿ ಓಡಿಸುವುದಿಲ್ಲ. ಪಕ್ಕಕ್ಕೆ ಹಾಕಿ ನಿಲ್ಲಿಸಿ ಸ್ಟಿಯರಿಂಗಿನ ಮೇಲೇ ನಿದ್ದೆ ಹೋದೆ. ಇವರು ಹಿಂದೆ ಗೊರಕೆ, ನಾನು ಮುಂದೆ ಗೊರಕೆ, ನಡುವೆ ಅಣಬೆ ಕಾಯುತ್ತಾ ಕೂತಿತು. ಅದಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? ತಲುಪುವಷ್ಟರಲ್ಲಿ ಅರ್ಧ ಕಪ್ಪಾಗಿತ್ತು.

ಗಡಿಯಾರದಕ್ಕ ಫೋನಿನಲ್ಲೇ ಬೆಂಡೆತ್ತಿದರು. "ಟೀಮ್ ಅಂದ್ರೆ ಇಬ್ಬರು ಓಡಿಸೋದಲ್ಲಮ್ಮ, ಒಬ್ಬರು ಮಲಗೋದು. ನಿಮಗೆ ಮಲಗೋಕೆ ಬರಲ್ಲ ಅಂದ್ರೆ ಓಡಿಸೋಕೆ ಬಂದು ಏನು ಬಂತು? ಮುಂದಿನ ಲೋಡೂ ತಡ ಆದ್ರೆ ಅವರಿಗೆ ಒಂಟಿ ಲಾರಿ, ನೀವು ಮನೆಗೆ. ಆಮೇಲೆ ನನ್ನನ್ನ ಬೈಬೇಡಿ."

ನಿಮ್ಮಪ್ಪ ಫೋನು ನನ್ನ ಕೈಯಿಂದ ತೆಗೆದುಕೊಂಡರು. "ತಡ ಆಗಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಓಡಿಸೋದು ನಿಂಗೆ ಹೆದ್ರಿಕೇನಾ?" ಅಂತ ಕೇಳಿದರು. ಅವರ ಮುಖ ಚಿಕ್ಕದಾಗಿತ್ತು. ಇಲ್ಲ ಅಂದೆ. ನಿಜ ಹೇಳಲಾದೀತೇ? ಹೇಳಿದರೆ ಆ ಹೊಳೆ ಅವತ್ತೇ ಬತ್ತಿಹೋಗುತ್ತಿತ್ತು. ಜೊತೆಗಿರಬೇಕಾದರೆ ಮಲಗಬೇಕು, ಮಲಗಬೇಕಾದರೆ ಅವರ ಮಾತು ಕೇಳಬಾರದು. ಔಷಧಿ ಅಂಗಡಿಯಿಂದ ಹತ್ತಿ ತಂದು ಎರಡೂ ಕಿವಿಗೆ ತುರುಕಿಕೊಂಡೆ.

ಮುಂದಿನ ಲೋಡು ಆಸ್ಪತ್ರೆಗೆ ಹೋಗುವ ಔಷಧಿ. ನಾನು ಸತ್ತ ಹಾಗೆ ನಿದ್ದೆ ಮಾಡಿದೆ. ಬೆಳಿಗ್ಗೆ ನನ್ನ ಪಾಳಿಗೆ ಸ್ಟಿಯರಿಂಗ್ ಹಿಡಿದು, ನಾಲಿಗೆಯ ಚಾಳಿಗೆ "ಎಲ್ಲರೂ ಕೂತ್ರಾ?" ಅಂದೆ. ಪರದೆಯ ಹಿಂದಿನಿಂದ ಗಂಭೀರವಾಗಿ ಒಂದು ದನಿ ಬಂತು: "ಕೂತೆ." ನಾನು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು ಗಾಡಿ ಎತ್ತಿದೆ. ಔಷಧಿ ಹೇಳಿದ ಹೊತ್ತಿಗಿಂತ ಮುಂಚೆಯೇ ತಲುಪಿತು. ಅದರ ನಂತರದ್ದೂ ಅಷ್ಟೇ. ನಿನ್ನೆ ಗಡಿಯಾರದಕ್ಕ ಫೋನ್ ಮಾಡಿ, "ಖಾಯಂ ಮಾಡಿದೀನಿ. ಮುಂದಿನ ಊರು ಎಷ್ಟೊತ್ತಿಗೆ?" ಅಂದರು. ಅವರ ಬಾಯಲ್ಲಿ ಅದೇ ಅಭಿನಂದನೆ.

ಹಾಗಾಗಿ ನಿನ್ನ ಅಮ್ಮ ಈಗ ಖಾಯಂ ಲಾರಿ ಡ್ರೈವರು. ಹಲ್ಲಿಗಿಂತ ನಿಮ್ಮಪ್ಪ ವಾಸಿ ಅಂತ ಒಪ್ಪಿಕೋ. ಸ್ನಾನದ ಮನೆಯ ಕಡೆಯಿಂದ ಅವರು ತಲೆ ಒರೆಸಿಕೊಳ್ಳುತ್ತಾ ಬರುವುದು ಕಾಣುತ್ತಿದೆ, ಇನ್ನು ನಿಲ್ಲಿಸುತ್ತೇನೆ. ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೋ. ನೂರು ಜನರ ಕಣ್ಣು ನೋಡುವ ಭರದಲ್ಲಿ ನಿನ್ನ ಕಣ್ಣು ಕೆಡಿಸಿಕೊಳ್ಳಬೇಡ. ನೀನು ಹೋಗುವ ದಾರಿಯೆಲ್ಲ ನುಣ್ಣಗಿರಲಿ, ನೂರು ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ ಪ್ರೀತಿಯ
ಅಮ್ಮ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದೆ. ಮೇಲೆ ನಿಮ್ಮಪ್ಪನ ಒಂದು ಮಾತನ್ನು ಬೇಕೆಂದೇ ಬದಲಿಸಿ ಬರೆದಿದ್ದೆ, ಮನಸ್ಸು ತಡೆಯುತ್ತಿಲ್ಲ. ನಿಮ್ಮಪ್ಪ ಪರದೆಯಾಚೆ ಅಂದದ್ದು "ಇವತ್ತು ಅವಳು ರಿವರ್ಸ್ ಹಾಕಿದ್ದು" ಅಂತ ಅಲ್ಲ. "ಇವತ್ತು ನಿಮ್ಮಮ್ಮ ರಿವರ್ಸ್ ಹಾಕಿದ್ದು ನೋಡ್ಬೇಕಿತ್ತು" ಅಂತ.

ನಿಮ್ಮಮ್ಮ. ಅವರು ಒಬ್ಬರೇ ಮಾತಾಡುತ್ತಿರಲಿಲ್ಲ ಕಣೇ, ನಿನ್ನ ಹತ್ತಿರ ಮಾತಾಡುತ್ತಿದ್ದರು. ಚಿಕ್ಕವಳಿದ್ದಾಗ ಒಂದು ರಜೆಯಲ್ಲಿ ಅವರ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಿಸಿಲು ಬಿಸಿಲು ಅಂತ ಹಟ ಮಾಡುತ್ತಾ ಹೋಗಿದ್ದೆಯಲ್ಲ, ಅವರ ಲೆಕ್ಕದಲ್ಲಿ ನೀನು ಇನ್ನೂ ಇಳಿದೇ ಇಲ್ಲ. ಕನ್ನಡಕದ ವಿಷಯವೂ ನಿನಗೇ ಹೇಳಿದರು. "ಕೊನೇ ಸಾಲು ಚೆನ್ನಾಗೇ ಕಾಣ್ತಿತ್ತು ಕಣಮ್ಮ. ಓದಿಬಿಟ್ಟಿದ್ರೆ ನೀನು 'ಆಯ್ತು ಏಳಿ' ಅಂತಿದ್ದೆ. ಗದ್ದ ಹಿಡ್ಕೊಂಡು ಮತ್ತೆ ಮತ್ತೆ ಕೇಳ್ತಿದ್ಯಲ್ಲ, ಅದಕ್ಕೇ ತಪ್ಪು ತಪ್ಪಾಗಿ ಓದಿದೆ." ಅವರ ಕಣ್ಣಿಗೆ ಹೊಂದದ ಕನ್ನಡಕವನ್ನು ದಿನಾ ಒರೆಸಿ ಇಡುವುದು ಅದಕ್ಕೆ.

ನನಗೆ ಹೊಟ್ಟೆಕಿಚ್ಚಾಯಿತು, ಹೆತ್ತ ಮಗಳ ಮೇಲೆ. ಇಷ್ಟು ವರ್ಷ ಕಾದು ಆ ಲಾರಿ ಹತ್ತಿದರೆ ಅಲ್ಲಿ ನನಗೆ ಹಾಸಿಗೆ ಇತ್ತು, ಸೀಟಿರಲಿಲ್ಲ. ಹತ್ತಿ ಇಟ್ಟುಕೊಂಡದ್ದು ಅಣಬೆಗಾಗಿ ಮಾತ್ರ ಅಲ್ಲ. ಪರದೆಯಾಚೆ ಇನ್ನೊಂದು ಸಲ "ನಿಮ್ಮಮ್ಮ" ಅಂತ ಕೇಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಮುಂದಿನ ತಿಂಗಳು ನಿಮ್ಮ ಊರಿನ ಮೇಲೇ ನಮ್ಮ ದಾರಿ. ಗಡಿಯಾರದಕ್ಕನಿಗೆ ಹೇಳಿಟ್ಟಿದ್ದೇನೆ, ಮನೆಯವರೊಬ್ಬರು ಬರುತ್ತಾರೆ ಅಂತ. ಬಂದು ಆ ಸೀಟಿನಲ್ಲಿ ಕೂತುಕೋ. ನಿನ್ನನ್ನು ಎದುರಿಗೆ ನೋಡಿದರೆ ಅವರ ಬಾಯಿ ಕಟ್ಟುತ್ತದೆ, ಮೊದಲ ಮಾತು ನೀನೇ ಆಡಬೇಕಾಗುತ್ತದೆ. ನಾನು ಹಿಂದೆ ಪರದೆ ಎಳೆದುಕೊಂಡು "ಎಲ್ಲರೂ ಕೂತ್ರಾ?" ಅಂತ ಒಂದು ಸಲ ಕೇಳುತ್ತೇನೆ. ಕೂತೆ ಅಂದುಬಿಡು. ಆಮೇಲೆ ನಾನು ನಿಜವಾಗಿಯೂ ಮಲಗುತ್ತೇನೆ, ಹತ್ತಿ ಇಲ್ಲದೆ.